ಒಂದೇ ಸಲ ಹೇಳುವ ಪದ್ಯ

ಹೊಳೆದಂಡೆಯಲ್ಲಿ ಒಂದು ಆಶ್ರಮ. ಯಾವ ಹೊಳೆ ಅಂತ ಕೇಳಬೇಡಿ, ನೀರು ಸಿಹಿಯಾಗಿತ್ತು, ಅಷ್ಟು ಸಾಕು.

ಜಗಲಿಯಲ್ಲಿ ಕೂತು ಅಕ್ಷರ ಕಲಿಯಲು ಎಲ್ಲ ಮಕ್ಕಳೂ ಬರಬಹುದಿತ್ತು. ಒಳಮನೆಯಲ್ಲಿ ಕೂತು ಶಾಸ್ತ್ರ ಓದಲು ಮಾತ್ರ ವರ್ಷಕ್ಕೆ ಒಂದೇ ಮಗು. ಆರಿಸುವ ಕ್ರಮ ಹಳೆಯದು. ಒಂದು ಪದ್ಯವನ್ನು ಒಂದೇ ಸಲ ಹೇಳುವುದು, ಅದನ್ನು ತಪ್ಪಿಲ್ಲದೆ ತಿರುಗಿ ಒಪ್ಪಿಸಿದ ಮಗು ಒಳಗೆ.

ಶಿಷ್ಯ ಶಾಂತವೀರನೂ ಹಾಗೇ ಒಳಗೆ ಬಂದವನು. ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ಈ ವರ್ಷ ಆರಿಸುವ ಕೆಲಸವನ್ನು ಗುರು ನೀಲಕಂಠಯ್ಯನವರು ಅವನಿಗೇ ವಹಿಸಿದರು. ಇನ್ನು ಕೇಳಬೇಕೆ, ಎದೆ ಮತ್ತೊಂದು ಗೇಣು ಉಬ್ಬಿತು.

ಮಧ್ಯಾಹ್ನದ ಹೊತ್ತಿಗೆ ಬಂದು ಹೇಳಿದ: "ಆಯಿತು ಗುರುಗಳೇ. ಮೇಲಿನ ಕೇರಿಯ ಶಂಭು. ಒಂದಕ್ಷರ ತಪ್ಪಲಿಲ್ಲ. ಬೆಳೆಯುವ ಪೈರು ಮೊಳಕೆಯಲ್ಲಿ ಅಂತಾರಲ್ಲ, ಹಾಗೆ."

"ಬೇರೆ ಯಾರೂ ಒಪ್ಪಿಸಲಿಲ್ಲವೋ?"

"ಎಲ್ಲಿಂದ? ಹರಿಗೋಲು ನಡೆಸುವ ದುರ್ಗಪ್ಪನ ಮಗಳು ಹೊನ್ನಿ ಅಂತ ಒಬ್ಬಳು ಬಂದಿದ್ದಳು. ಬಾಯೇ ಬಿಡಲಿಲ್ಲ. ಬುದ್ಧಿ ಅಷ್ಟಕ್ಕಷ್ಟೆ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಂತೆ, ಅತ್ತುಕೊಂಡು ಹೋದಳು."

"ಯಾವ ಪದ್ಯ ಹೇಳಿದೆ?"

"ಬೆಳಗಿನ ಸ್ತುತಿ. ನಮ್ಮಮ್ಮ ದಿನಾ ದೀಪ ಹಚ್ಚುವಾಗ ಹೇಳೋಳು. ಮೇಲಿನ ಕೇರಿಯಲ್ಲಿ ಅದನ್ನು ಹೇಳದ ಮನೆಯೇ ಇಲ್ಲ."

"ಹರಿಗೋಲಿನವರ ಮನೆಯಲ್ಲಿ?"

"ಅವರಿಗೆಲ್ಲಿ ಗೊತ್ತಿರುತ್ತೆ..." ಅಂದವನು ಅಲ್ಲೇ ತಡೆದ.

"ಹಾಗಾದರೆ ನೀನು ಪರೀಕ್ಷೆ ಮಾಡಿದ್ದು ಶಂಭುವನ್ನೋ, ಅವರಮ್ಮನನ್ನೋ?"

ಶಾಂತವೀರನ ಮುಖ ಸಪ್ಪಗಾಯಿತು. ಎದುರಾಡದೆ ಹೊಳೆಯ ಕಡೆ ಓಡಿದ.

ಹೊನ್ನಿಯನ್ನು ಕರೆತಂದ. ಶಂಭುವನ್ನೂ ಕರೆಸಿದ. ಗುರುಗಳ ಮುಂದೆ ಅಂಗಳದಲ್ಲೇ ಕೂತು ಹೊಸದಾಗಿ ನಾಲ್ಕು ಸಾಲಿನ ಪದ್ಯ ಕಟ್ಟಿದ. ಯಾರ ಅಮ್ಮನೂ ಕೇಳಿರದ ಪದ್ಯ. ಒಂದೇ ಸಲ ಹೇಳಿದ.

ಶಂಭು ಎರಡು ಸಾಲು ಒಪ್ಪಿಸಿ ತಲೆ ತಗ್ಗಿಸಿದ.

ಹೊನ್ನಿಯೂ ಎರಡೇ ಸಾಲಿಗೆ ನಿಂತಳು. ಆದರೆ ತಲೆ ತಗ್ಗಿಸಲಿಲ್ಲ.

"ಅಣ್ಣಾ, ಇನ್ನೊಂದ್ಸಲ ಹೇಳು."

"ಒಂದೇ ಸಲ ಹೇಳೋದು ಇಲ್ಲಿನ ಕ್ರಮ."

"ಯಾಕೆ? ಪದ್ಯ ಚೆನ್ನಾಗೈತೆ. ನಂಗೆ ಪೂರ್ತಿ ಬೇಕು."

ಶಾಂತವೀರ ಗುರುಗಳ ಮುಖ ನೋಡಿದ. ಅವರು ಹೊಳೆ ನೋಡುತ್ತಿದ್ದರು. ಇಷ್ಟು ವರ್ಷ ಒಳಗೆ ಕೂತು ಓದಿದ್ದರೂ ಆ 'ಯಾಕೆ' ಎಂಬುದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಇನ್ನೊಂದು ಸಲ ಹೇಳಿದ.

ಹೊನ್ನಿ ನಾಲ್ಕೂ ಸಾಲು ಒಪ್ಪಿಸಿದಳು. ಶಂಭು ಕೂಡ ಒಪ್ಪಿಸಿದ. ಜಗಲಿಯ ಕಂಬ ಹಿಡಿದು ನೋಡುತ್ತಿದ್ದ ಮಿಕ್ಕ ಮಕ್ಕಳು ತಾವೂ ದನಿ ಸೇರಿಸಿದರು. ಹೆಮ್ಮೆ ಶಾಂತವೀರನಿಗೆ ಹೊಸದಲ್ಲ, ಆದರೆ ಬೇರೆಯವರ ಬಗ್ಗೆ ಪಟ್ಟದ್ದು ಇದೇ ಮೊದಲು.

"ಸರಿ, ಯಾರನ್ನು ಆರಿಸಿದೆ?" ಗುರುಗಳು ಕೇಳಿದರು.

"ಆಗುತ್ತಿಲ್ಲ ಗುರುಗಳೇ. ಶಂಭುವನ್ನು ಕರೆದರೆ ಹೊನ್ನಿ ಅಳುತ್ತಾ ಹೋಗುತ್ತಾಳೆ. ಹೊನ್ನಿಯನ್ನು ಕರೆದರೆ ಶಂಭು. ಇಬ್ಬರನ್ನೂ ಕರೆದರೆ ಈ ಕಂಬ ಹಿಡಿದವರು."

"ಒಳಮನೆಯಲ್ಲಿ ಇರೋದು ಒಂದು ಮಗುವಿಗೆ ಜಾಗ."

"ಗೊತ್ತು. ಅಪ್ಪಣೆಯಾದರೆ ಒಳಗಿನ ಪಾಠವನ್ನೇ ಜಗಲಿಗೆ ತರುತ್ತೇನೆ. ಇಂದೇ ಶುರು ಮಾಡುತ್ತೇನೆ."

"ಒಂದೇ ಸಲಕ್ಕೆ ಬಾರದವರು?"

"ಬರುವ ತನಕ ಹೇಳುತ್ತೇನೆ."

ನೀಲಕಂಠಯ್ಯನವರು ಅವನನ್ನೇ ನೋಡಿದರು. ಅಷ್ಟು ಹೆಮ್ಮೆಯಿಂದ ಅವರು ಯಾವ ಶಿಷ್ಯನನ್ನೂ ನೋಡಿರಲಿಲ್ಲ. ಆಮೇಲೆ ಮೆಲ್ಲಗೆ ಎದ್ದು, ಮಂಡಿ ಹಿಡಿದುಕೊಂಡು ಜಗಲಿ ಹತ್ತಿ, ಮಕ್ಕಳ ಸಾಲಿನಲ್ಲಿ ಹೊನ್ನಿಯ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು.

"ನಿಧಾನಕ್ಕೆ ಹೇಳಪ್ಪಾ," ಅಂದರು. "ನನಗೂ ಯಾವತ್ತೂ ಒಂದೇ ಸಲಕ್ಕೆ ಬಂದದ್ದಿಲ್ಲ."