ಮೂರು ಸಲ ಬಂದ ಹುಲಿ

ಪ್ರದ್ಯುಮ್ನ ತನ್ನ ಮೇಷ್ಟ್ರ ಗುಡಿಸಲು ಮುಟ್ಟಿದಾಗ ನಡುಮಧ್ಯಾಹ್ನ. ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು. ಸಫಾರಿ ಗೇಟಿನಿಂದ ನಾಲ್ಕು ಮೈಲಿ ನಡೆದೇ ಬಂದಿದ್ದ. ಬಾಟಲಿಯ ನೀರು ಕಾಡಿನಲ್ಲೇ ಮುಗಿದಿತ್ತು. ಗುಡಿಸಲ ಮುಂದಿನ ಹೊಳೆಯೂ ಬತ್ತಿ ಬರೀ ಮರಳಾಗಿತ್ತು.

ಅದರ ಪರಿವೆ ಅವನಿಗಿರಲಿಲ್ಲ. ಕ್ಯಾಮೆರಾದೊಳಗೆ ಹುಲಿಯಿತ್ತು.

ಪುಟ್ಟಮಾದಯ್ಯ ಮೇಷ್ಟ್ರು ಹೊಸ್ತಿಲ ಮೇಲೆ ಕೂತು ತಮ್ಮ ಹಳೇ ಕ್ಯಾಮೆರಾ ಒರೆಸುತ್ತಿದ್ದರು. ನಲವತ್ತು ವರ್ಷ ಕಾಡುಪ್ರಾಣಿಗಳ ಫೋಟೊ ತೆಗೆದವರು. ಮೂಗಿನ ತುದಿಯಲ್ಲೇ ಕೋಪ. ಮೂರು ವರ್ಷದಲ್ಲಿ ಶಿಷ್ಯನ ಒಂದು ಫೋಟೊವನ್ನೂ ಅವರು ಚೆನ್ನಾಗಿದೆ ಎಂದಿರಲಿಲ್ಲ.

ಪ್ರದ್ಯುಮ್ನ ಸ್ಪರ್ಧೆಯ ಕಾಗದ ಮುಂದೆ ಹಿಡಿದ. ಪ್ರಾಣಿಗೆ ತೊಂದರೆ ಕೊಡದೆ ತೆಗೆದ ಫೋಟೊ ಇದು ಎಂದು, ಕಲಿಸಿದ ಗುರುಗಳು ಸಹಿ ಹಾಕಬೇಕು. ಇವತ್ತೇ ಕಡೇ ದಿನ.

"ಒಂದು ಸಹಿ, ಮೇಷ್ಟ್ರೇ. ಈ ಸಲ ಬಹುಮಾನ ನನಗೇ."

"ಫೋಟೊ ತೆಗೆಯೋಕೆ ಮುಂಚೆ ಏನಾಯ್ತು, ಅದು ಹೇಳು."

ಯಾರ ಫೋಟೊವನ್ನೂ ಮೇಷ್ಟ್ರು ಈ ಮಾತು ಕೇಳದೆ ನೋಡುತ್ತಿರಲಿಲ್ಲ.

"ಕೆರೆ ಹತ್ರ ಕಾಯ್ತಿದ್ವಿ. ಆ ಕಡೆ ಕಾಡಲ್ಲಿ ಈಗ ನೀರಿರೋದು ಅದೊಂದರಲ್ಲೇ. ಹುಲಿ ಬಂತು. ಜೀಪು ನೋಡಿ ವಾಪಸ್ ಹೋಯ್ತು."

"ಜೀಪು ಎಲ್ಲಿತ್ತು?"

"ಹುಲಿ ನೀರಿಗೆ ಬರೋ ದಾರೀಲೇ. ಬೆಳಕು ಅಲ್ಲಿಂದ್ಲೇ ಚೆನ್ನಾಗಿರೋದು."

"ಆಮೇಲೆ?"

"ಇನ್ನೊಂದ್ಸಲ ಬಂತು. ನಾಲಿಗೆ ಹೊರಗೆ ಬಿದ್ದಿತ್ತು. ಡ್ರೈವರ್ ಜೀಪು ತೆಗೀತೀನಿ ಅಂದ, ನಾನು ಬಿಡಲಿಲ್ಲ. ಮೂರನೇ ಸಲ ಬಂದಾಗ ನೆಟ್ಟಗೆ ನನ್ನ ಮುಖ ನೋಡಿ ಗುರ್ ಅಂತು. ಆ ಸಿಟ್ಟು ನೋಡಿ ಮೇಷ್ಟ್ರೇ, ಆ ಕಣ್ಣು ನೋಡಿ."

ಮೇಷ್ಟ್ರು ನೋಡಿದರು. ಸುಳ್ಳೇಕೆ, ಫೋಟೊ ಚೆನ್ನಾಗಿಯೇ ಇತ್ತು. ಅವರ ಸಿಟ್ಟು ಏರಿದ್ದೂ ಅದಕ್ಕೇ.

"ನೀರು ಕುಡೀತಾ?"

"ಇಲ್ಲ. ತಿರುಗಿ ಹೋಗಿದ್ದು ಮತ್ತೆ ಬರಲೇ ಇಲ್ಲ."

ಮೇಷ್ಟ್ರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

ಆಗ ಪ್ರದ್ಯುಮ್ನನಿಗೆ ಗಂಟಲು ಒಣಗಿದ್ದು ಗೊತ್ತಾಯಿತು. ಮೇಷ್ಟ್ರ ಬೆನ್ನ ಹಿಂದೆ, ಗುಡಿಸಲೊಳಗೆ, ನೀರಿನ ಮಡಕೆ ಕಾಣುತ್ತಿತ್ತು.

"ಸ್ವಲ್ಪ ಜರುಗಿ ಮೇಷ್ಟ್ರೇ, ನೀರು ಕುಡೀತೀನಿ."

ಮೇಷ್ಟ್ರು ಜರುಗಲಿಲ್ಲ. ಒಂದು ಕಾಲನ್ನು ಬಾಗಿಲಿಗಡ್ಡ ಚಾಚಿ, ಕ್ಯಾಮೆರಾ ಎತ್ತಿ ಅವನ ಮುಖಕ್ಕೆ ಹಿಡಿದರು.

"ಏನ್ ಮೇಷ್ಟ್ರೇ ಇದು?"

"ಬೆಳಕು ಚೆನ್ನಾಗಿದೆ."

ತಮಾಷೆ ಎಂದುಕೊಂಡು ಪ್ರದ್ಯುಮ್ನ ನಕ್ಕ. ಮೇಷ್ಟ್ರು ನಗಲಿಲ್ಲ. ಅವನು ಹೋಗಿ ಹೊಂಗೆಮರದ ಕೆಳಗೆ ಕೂತ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಮುದುಕ ಅಲ್ಲಾಡಲಿಲ್ಲ. ಉಗುಳು ನುಂಗೋಣವೆಂದರೆ ಉಗುಳೂ ಇರಲಿಲ್ಲ. ಮೂರು ವರ್ಷ ಇವರ ಬೈಗುಳ ತಿಂದೆ, ಲೆನ್ಸು ಹೊತ್ತೆ, ಪಾತ್ರೆ ತೊಳೆದೆ, ಒಂದು ಲೋಟ ನೀರಿಗೂ ನಾನು ಯೋಗ್ಯನಲ್ಲವೇ ಎಂದು ಅವನ ಮೈ ಕುದಿಯಿತು.

ಎದ್ದು ಮತ್ತೆ ಬಾಗಿಲಿಗೆ ಬಂದ.

"ಏಳಿ ಮೇಷ್ಟ್ರೇ."

ಮೇಷ್ಟ್ರು ಕ್ಯಾಮೆರಾ ಎತ್ತಿದರು.

"ಏಳ್ತೀರೋ ಇಲ್ಲವೋ?"

"ಹಾಗೇ ನಿಂತ್ಕೊ. ಸಿಟ್ಟು ಚೆನ್ನಾಗಿ ಬಂದಿದೆ."

ಪ್ರದ್ಯುಮ್ನ ಅವರ ಹೆಗಲಿಗೆ ಕೈಹಾಕಿ ದಬ್ಬಿದ. ಮೇಷ್ಟ್ರು ಪಕ್ಕಕ್ಕೆ ಉರುಳಿದರು. ಅವನು ಅವರನ್ನು ದಾಟಿ ಒಳಗೆ ನುಗ್ಗಿ, ಮಡಕೆಯನ್ನೇ ಎತ್ತಿ ಗಟಗಟ ಕುಡಿದ. ಅಂಗಿಯೆಲ್ಲ ನೆನೆಯಿತು.

ಕುಡಿದು ತಿರುಗಿದಾಗ ಮೇಷ್ಟ್ರು ಇನ್ನೂ ನೆಲದ ಮೇಲಿದ್ದರು. ಮೊಣಕೈ ತರಚಿ ರಕ್ತ ಬರುತ್ತಿತ್ತು.

ಅವನು ಓಡಿಬಂದು ಅವರನ್ನು ಎತ್ತಿ ಕೂರಿಸಿದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು ಮೇಷ್ಟ್ರೇ. ಬಾಯಾರಿಕೆ. ತಡೆದುಕೊಳ್ಳೋಕೆ ಆಗ್ಲಿಲ್ಲ."

ಮೇಷ್ಟ್ರು ಜೇಬಿನಿಂದ ಕಾಗದ ತೆಗೆದು, ಸಹಿಯಿಲ್ಲದೆ, ಅವನ ಒದ್ದೆ ಅಂಗೈಯಲ್ಲಿಟ್ಟರು.

"ಆ ಹುಲಿಗೂ ತಡೆದುಕೊಳ್ಳೋಕೆ ಆಗದೆ ಹೋಗಿದ್ದಿದ್ರೆ, ಈ ಕಾಗದ ತರೋಕೆ ನೀನು ಇರ್ತಿರಲಿಲ್ಲ."