ನಿಮ್ರನ ಬೆರಳು ಕೇಳಲು ಬಂದವರು

ಒಂದಾನೊಂದು ಊರಿನಲ್ಲಿ ಒಬ್ಬ ಕಾವಲುಗಾರನಿದ್ದ. ಊರು ಎಲ್ಲಿಯದು ಅಂತೀರಾ? ದೂರದ ಪ್ಯಾಲೆಸ್ತೀನ್ ಸೀಮೆಯದು. ಹೆಸರು ಬೇತ್ ಲೋಜ್. ನಕಾಶೆ ಬಿಚ್ಚಿ ಹುಡುಕಬೇಡಿ, ಸಿಗುವುದಿಲ್ಲ. ಆ ಹೆಸರು ಇಟ್ಟವನು ನಾನೇ.

ಕಾವಲುಗಾರನ ಹೆಸರು ನಿಮ್ರ. ಆ ಕಡೆಯ ಮಾತಿನಲ್ಲಿ ಹಾಗೆಂದರೆ ಹುಲಿ. ಹೆಸರು ಹುಲಿಯದಾದರೂ ಮನಸ್ಸು ಬೆಣ್ಣೆ. ಅವನಿಗೆ ರಸ್ಮಿಯಾ ಅಂತ ಹೆಂಡತಿ, ಜುಮಾನಾ ಅಂತ ಪುಟ್ಟ ಮಗಳು, ಜಾಬಿರ ಅಂತ ಹೆಂಡತಿಯ ತಮ್ಮ. ಜಾಬಿರನೂ ಅದೇ ಪಡೆಯ ಕಾವಲುಗಾರ. ಭಾವ ಭಾವಮೈದುನ ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದರು. ಕಳ್ಳ ಬಂದರೆ ಒಬ್ಬ ಹಿಡಿಯುತ್ತಿದ್ದ, ಇನ್ನೊಬ್ಬ ಬೈಯುತ್ತಿದ್ದ. ಚೆನ್ನಾಗಿಯೇ ನಡೆಯುತ್ತಿತ್ತು.

ಅಷ್ಟರಲ್ಲಿ ಊರಿಗೆ ಚುನಾವಣೆ ಬಂತು. ಹಳೇ ಪಕ್ಷ ಮಣ್ಣು ಮುಕ್ಕಿತು, ಹೊಸ ಪಕ್ಷ ಗೆದ್ದಿತು. ಗೆದ್ದವರಲ್ಲಿ ಒಬ್ಬರು ಮಂತ್ರಿಗಳಾಗಿ ಬೆಟ್ಟದ ಕೆಳಗಿನ ಕುರ್ಚಿಯಲ್ಲಿ ಕೂತರು. ಆದರೆ ಬೆಟ್ಟದ ಮೇಲಿನ ಕುರ್ಚಿಯಲ್ಲಿ ಹಳೇ ಪಕ್ಷದ ಅಧ್ಯಕ್ಷರು ಕೂತೇ ಇದ್ದರು. ಅವರ ಕುರ್ಚಿಗೆ ಆ ಸಲ ಚುನಾವಣೆ ಇರಲಿಲ್ಲ. ಮೇಲೊಂದು ಕುರ್ಚಿ, ಕೆಳಗೊಂದು ಕುರ್ಚಿ, ನಡುವೆ ಕಾವಲುಪಡೆ.

"ಪಡೆ ನನ್ನದು" ಅಂದರು ಅಧ್ಯಕ್ಷರು. "ಟೋಪಿ ಹೊಲಿಸಿದ್ದು ನಾನು."

"ಪಡೆ ನನ್ನದು" ಅಂದರು ಮಂತ್ರಿಗಳು. "ಜನ ಆರಿಸಿದ್ದು ನನ್ನನ್ನ."

"ಟೋಪಿ ತೆಗೆದ್ರೆ ಅವನು ಕಾವಲುಗಾರನೇ ಅಲ್ಲ!"

"ತಲೆ ತೆಗೆದ್ರೆ ಟೋಪಿ ಎಲ್ಲಿ ಇಡ್ತೀರಿ?"

ನಿಮ್ರ ತನ್ನ ತಲೆ ಮುಟ್ಟಿ ನೋಡಿಕೊಂಡ. ಇತ್ತು.

ಊರ ಹಿರಿಯರು ಸೇರಿದರು. ಆ ಊರಿನಲ್ಲಿ ಒಂದು ರೂಢಿ. ಅಪ್ಪ ಸತ್ತರೆ ಆಲಿವ್ ಮರವನ್ನು ಕಡಿದು ಹಂಚುವುದಿಲ್ಲ. ಮರ ನಿಂತೇ ಇರುತ್ತದೆ, ಕೊಂಬೆಗಳು ಪಾಲಾಗುತ್ತವೆ. ಈ ಕೊಂಬೆ ದೊಡ್ಡವನಿಗೆ, ಆ ಕೊಂಬೆ ಚಿಕ್ಕವನಿಗೆ. ಹಿರಿಯರಿಗೆ ಗೊತ್ತಿದ್ದದ್ದು ಅದೊಂದೇ ನ್ಯಾಯ. "ಕಾವಲುಗಾರರನ್ನ ಕಡಿಯೋದು ಬೇಡ" ಅಂದರು. "ಅವರು ನಿಂತೇ ಇರ್ಲಿ. ಕೊಂಬೆ ಹಂಚ್ಕೊಳ್ಳಿ."

ಹಂಚಿದರು ನೋಡಿ! ಎಡಗಾಲು ಅಧ್ಯಕ್ಷರದು, ಬಲಗಾಲು ಮಂತ್ರಿಗಳದು. ಎಡಗೈ ಅವರದು, ಬಲಗೈ ಇವರದು. ನಾಲಿಗೆ ಮಂತ್ರಿಗಳಿಗೆ, ಗಂಟಲು ಅಧ್ಯಕ್ಷರಿಗೆ. ಆದ್ದರಿಂದ ನಿಮ್ರ ಬೇಳೆಯನ್ನ ಬಾಯಿಗಿಟ್ಟರೆ ರುಚಿ ನೋಡಲು ಕೆಳಗಿನ ಅಪ್ಪಣೆ ಬೇಕು, ನುಂಗಲು ಮೇಲಿನ ಅಪ್ಪಣೆ ಬೇಕು. ಅಧ್ಯಕ್ಷರು "ನಡೆ" ಅಂದರೆ ಎಡಗಾಲು ನಡೆಯುತ್ತಿತ್ತು. ಮಂತ್ರಿಗಳು "ನಿಲ್ಲು" ಅಂದರೆ ಬಲಗಾಲು ನಿಲ್ಲುತ್ತಿತ್ತು. ನಿಮ್ರ ತಾನು ಕಾವಲಿದ್ದ ಬೇಕರಿಯ ಮುಂದೆ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದ.

ಒಬ್ಬ ಕಳ್ಳ ಬಂದ. ಎಡಗೈ ಹಿಡಿಯಿತು, ಬಲಗೈ ಬಿಟ್ಟಿತು. ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಕಳ್ಳನಿಗೆ ರೇಗಿತು. "ಏನಪ್ಪಾ, ಹಿಡಿಯೋದಾದ್ರೆ ಹಿಡಿ, ಬಿಡೋದಾದ್ರೆ ಬಿಡು. ನಮಗೂ ಬೇರೆ ಮನೆಗಳಿವೆ" ಅಂದ.

"ನನ್ನ ಕೈಯಲ್ಲಿ ಏನೂ ಇಲ್ಲಪ್ಪ" ಅಂದ ನಿಮ್ರ. ಅದು ನಿಜವೇ ಆಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ.

ಎಲ್ಲ ಪಾಲಾಯಿತು. ಕಿವಿ, ಮೂಗು, ಮೀಸೆ, ಎಲ್ಲ. ಉಳಿದದ್ದು ಒಂದೇ ಒಂದು: ಬಲಗೈಯ ತೋರುಬೆರಳು. ಬಂದೂಕಿನ ಕುದುರೆ ಎಳೆಯುವ ಬೆರಳು. "ಕೈ ನನ್ನದು, ಬೆರಳೂ ನನ್ನದು" ಅಂದರು ಮಂತ್ರಿಗಳು. "ಬಂದೂಕು ನನ್ನದು, ಅದನ್ನ ಮುಟ್ಟೋ ಬೆರಳು ನನ್ನದು" ಅಂದರು ಅಧ್ಯಕ್ಷರು. ಹಿರಿಯರು ಗಡ್ಡ ಕೆರೆದುಕೊಂಡರು. ಮರದಲ್ಲಿ ಇಂಥ ಕೊಂಬೆ ಅವರು ಕಂಡಿರಲಿಲ್ಲ.

ಇಲ್ಲಿಯವರೆಗೆ ನಗಬಹುದಿತ್ತು. ಮುಂದಿನದು ಕೇಳಿ. ಜಾಬಿರನ ಬೆರಳೂ ಹಾಗೆಯೇ ಉಳಿದಿತ್ತು. ಆಗ ಇಬ್ಬರು ದೊಡ್ಡವರೂ ಒಂದೇ ಯೋಚನೆ ಮಾಡಿದರು. ಈ ಬೆರಳು ನನಗೆ ಬಂದು ಆ ಬೆರಳು ಅವರಿಗೆ ಹೋದರೆ? ಮುಂಜಾಗ್ರತೆ ಬೇಡವೇ? ಬೇಕರಿಯ ಈ ಮೂಲೆಯಲ್ಲಿ ನಿಮ್ರನನ್ನು ನಿಲ್ಲಿಸಿದರು. ಎದುರು ಮೂಲೆಯಲ್ಲಿ ಜಾಬಿರನನ್ನು ನಿಲ್ಲಿಸಿದರು. ಒಬ್ಬರ ಎದೆಗೆ ಒಬ್ಬರು ಗುರಿಯಿಡಬೇಕು. ಯಾರ ಬೆರಳಿನ ತೀರ್ಮಾನ ಮೊದಲು ಆಗುತ್ತದೋ ಅವರು ಮೊದಲು ಗುಂಡು ಹೊಡೆಯಬೇಕು. ಈ ಅಪ್ಪಣೆಯ ಮೇಲೆ ಮಾತ್ರ ಇಬ್ಬರೂ ಸಹಿ ಹಾಕಿದ್ದರು. ಜಗಳಗಂಟರು ಒಪ್ಪುವುದು ಇಂಥದ್ದಕ್ಕೇ.

ಎರಡು ಬಂದೂಕಿನ ನಡುವೆ ಭಾವ ಭಾವಮೈದುನ ಮಾತಾಡುತ್ತಿದ್ದರು.

"ಭಾವಾ, ಅಕ್ಕ ಇವತ್ತು ಏನು ಅಡುಗೆ ಮಾಡಿದ್ಳು?"

"ಬೇಳೆ ಅನ್ನ, ಮೇಲೆ ಹುರಿದ ಈರುಳ್ಳಿ."

"ಬೆರಳು ಹೇಗಿದೆ?"

"ಇನ್ನೂ ಯಾರದೂ ಅಲ್ಲ. ನಿಂದು?"

"ನಂದೂ ಯಾರದೂ ಅಲ್ಲ ಭಾವಾ. ದೇವರು ದೊಡ್ಡವನು."

ಊರಿಗೆ ಊರೇ ಜಗಳ ಮುಗಿಯಲಿ ಅಂತ ಹರಕೆ ಹೊರುತ್ತಿತ್ತು. ನಿಮ್ರ ಒಬ್ಬ ಮಾತ್ರ "ಅಯ್ಯೋ ದೇವರೇ, ಇದು ಮುಗಿಯದೇ ಇರಲಿ" ಅಂತ ಬೇಡುತ್ತಿದ್ದ. ಅವನಿಗೆ ನಿಜವಾಗಿ ಭಯವಾಗಿತ್ತು. ಜಾಬಿರ ಅಂಗಿ ಇಲ್ಲದೆ ಬೀದಿಯಲ್ಲಿ ಓಡಾಡುತ್ತಿದ್ದ ಮಗುವಾಗಿದ್ದಾಗಿನಿಂದ ಅವನನ್ನು ಎತ್ತಿ ಆಡಿಸಿದವನು ನಿಮ್ರನೇ. ಈಗ ಅದೇ ಎದೆ ಬಂದೂಕಿನ ತುದಿಯಲ್ಲಿತ್ತು.

ಕೊನೆಗೆ ಹಿರಿಯರಿಗೆ ಉಪಾಯ ಹೊಳೆಯಿತು. "ಹಂಚಕ್ಕಾಗದ್ದನ್ನ ಕೇಳಬೇಕು. ಹೆಣ್ಣು ಕೇಳೋ ಹಾಗೆ ಮನೆಗೆ ಹೋಗಿ ಬೆರಳು ಕೇಳಿ. ನಿಮ್ರ ಯಾರಿಗೆ ಒಪ್ಕೋತಾನೋ ಅವರಿಗೆ."

ಸರಿ. ಮಂತ್ರಿಗಳು ಮಿಠಾಯಿ ತಟ್ಟೆ ಹಿಡಿದು ಬಂದರು. ಅದೇ ಹೊತ್ತಿಗೆ ಅಧ್ಯಕ್ಷರೂ ಮಿಠಾಯಿ ತಟ್ಟೆ ಹಿಡಿದು ಬಂದರು. ಬಾಗಿಲಲ್ಲಿ ಇಬ್ಬರ ಹೊಟ್ಟೆಯೂ ಸಿಕ್ಕಿಕೊಂಡಿತು, ಹಿರಿಯರು ಹಿಂದಿನಿಂದ ನೂಕಿ ಒಳಗೆ ಕೂರಿಸಿದರು. ಉತ್ತರ ಕೊಡಲು ಬಂದೂಕಿನ ಸಮೇತ ಮನೆಗೆ ಬಂದ ನಿಮ್ರನ ಹಿಂದೆಯೇ ಜಾಬಿರನೂ ಬಂದೂಕು ಎತ್ತಿಕೊಂಡು ಒಳಗೆ ಬಂದ. "ಏನು ಮಾಡ್ಲಿ ಅಕ್ಕಾ, ಗುರಿ ಇಟ್ಟಿರು ಅಂದಿದ್ದಾರೆ. ಗುರಿ ಮನೆಗೆ ಬಂದ್ರೆ ನಾನೂ ಬರಬೇಕಲ್ಲ?" ಅಂದ. ರಸ್ಮಿಯಾ ಕಣ್ಣೊರೆಸಿಕೊಂಡು ತಮ್ಮನ ಬಾಯಿಗೆ ಒಂದು ತುತ್ತು ಇಟ್ಟಳು. ಅವನ ಎರಡು ಕೈಯೂ ಬಂದೂಕಿನ ಮೇಲಿದ್ದವು.

ಆಮೇಲೆ ಅವಳು ಕಾಫಿ ಮಾಡಿದಳು. ಏಲಕ್ಕಿ ಹಾಕಿದ್ದು, ಸಕ್ಕರೆ ಇಲ್ಲದ್ದು. ಆ ಸೀಮೆಯಲ್ಲಿ ಕಾಫಿಗೂ ಒಂದು ಕಟ್ಟಳೆ ಇದೆ. ಮನೆಗೆ ಬಂದವರು ಏನಾದರೂ ಕೇಳಲು ಬಂದಿದ್ದರೆ ಲೋಟವನ್ನು ನೆಲದ ಮೇಲೆ ಇಟ್ಟುಬಿಡುತ್ತಾರೆ. ಮನೆಯವನು "ನೀವು ಬಂದ ಕೆಲಸ ಆಯ್ತು, ಕುಡಿಯಿರಿ" ಅನ್ನುವವರೆಗೆ ತುಟಿಗೆ ಸೋಕಿಸುವುದಿಲ್ಲ. ಹಾಗನ್ನುವ ಮುಂಚೆ ಕುಡಿದರೆ ಕೇಳಿದ್ದನ್ನೂ ಕಾಫಿಯ ಜೊತೆ ನುಂಗಿದ ಹಾಗೆ. ಮತ್ತೆ ಆ ಮಾತು ಎತ್ತುವಂತಿಲ್ಲ.

ಅಧ್ಯಕ್ಷರು ಲೋಟ ನೆಲಕ್ಕಿಟ್ಟರು. "ಬೆರಳು ಕೊಡು."

ಮಂತ್ರಿಗಳು ಲೋಟ ನೆಲಕ್ಕಿಟ್ಟರು. "ಬೆರಳು ಕೊಡು."

ನಿಮ್ರ ಬೆವರಿದ. ಅವರಿಗೆ ಕುಡಿಯಿರಿ ಅಂದರೂ ಜಾಬಿರನಿಗೆ ಗುಂಡು. ಇವರಿಗೆ ಕುಡಿಯಿರಿ ಅಂದರೂ ಜಾಬಿರನಿಗೆ ಗುಂಡು. ಅತ್ತ ದರಿ ಇತ್ತ ಪುಲಿ ಅನ್ನುತ್ತೇವೆ, ಇಲ್ಲಿ ಪುಲಿಯೇ ನಡುವೆ ಸಿಕ್ಕಿಕೊಂಡಿತ್ತು. ಅವನು ಬಾಯಿ ಬಿಡಲಿಲ್ಲ.

ಅವರು ಏಳಲಿಲ್ಲ. ಲೋಟ ಮುಟ್ಟದೆ ಏಳುವಂತಿಲ್ಲ. ಕಾಫಿ ಆರಿತು. ರಸ್ಮಿಯಾ ಚೆಲ್ಲಿ ಬಿಸಿಯದು ಹಾಕಿದಳು. ಅದೂ ಆರಿತು. ಮತ್ತೆ ಚೆಲ್ಲಿ ಮತ್ತೆ ಹಾಕಿದಳು. ಸರ್ಕಾರವೆಲ್ಲ ನಿಮ್ರನ ನಡುಮನೆಗೇ ಬಂತು. ಕಡತ ಹಿಡಿದವರು ಹೊಸ್ತಿಲಲ್ಲಿ ಸಾಲುಗಟ್ಟಿದರು. ಕಳ್ಳನೂ ಬಂದು ಸಾಲಿನಲ್ಲಿ ನಿಂತ. ತನ್ನನ್ನು ಹಿಡಿದಂತೆಯೋ ಬಿಟ್ಟಂತೆಯೋ ಅಂತ ಬರಹದಲ್ಲಿ ಬೇಕಂತೆ ಅವನಿಗೆ.

ಕಾಫಿಯ ಪಾತ್ರೆಗೆ ತಾಳ್ಮೆ ಕೆಟ್ಟಿತು. "ನನ್ನ ಹೊಟ್ಟೆ ಸುಟ್ಕೊಂಡು ಮಾಡ್ತಾ ಇದ್ದೀನಿ, ಮೂಸಿನೂ ನೋಡಲ್ವಲ್ಲ!" ಅಂತ ಗೊಣಗಿತು.

"ಸುಮ್ಮನಿರಮ್ಮ" ಅಂದಳು ರಸ್ಮಿಯಾ. ಆಮೇಲೆ ತಲೆವಸ್ತ್ರ ಬಿಗಿದು ನಡುಮನೆಗೆ ಬಂದಳು. "ಜುಮಾನಾಳ ಅಪ್ಪಾ, ಹೆಣ್ಣು ಕೇಳಕ್ಕೆ ಬಂದವರು ಹೆಣ್ಣಿನ ಒಪ್ಪಿಗೆನೂ ಕೇಳ್ಬೇಕು ತಾನೇ? ಬೆರಳನ್ನ ಕೇಳಿದ್ರಾ ಯಾರಾದ್ರೂ?"

ಹಿರಿಯರು ತಲೆಯಾಡಿಸಿದರು. ನ್ಯಾಯ ನ್ಯಾಯವೇ. ಎಲ್ಲರೂ ಬೆರಳಿನ ಕಡೆ ನೋಡಿದರು. ಬೆರಳು ನಾಚಿ ಒಂದಿಷ್ಟು ಬಾಗಿತು. ಆಮೇಲೆ ನೆಟ್ಟಗಾಯಿತು.

"ನನಗೆ ಯಾರೂ ಬೇಡ" ಅಂದಿತು. "ಬೆಳಗ್ಗೆ ಜುಮಾನಾ ಸ್ಕೂಲಿಗೆ ಹೋಗೋವಾಗ ನನ್ನನ್ನೇ ಹಿಡ್ಕೊಂಡು ಹೋಗ್ತಾಳೆ. ನನಗೆ ಅಷ್ಟು ಕೆಲಸ ಸಾಕು."

"ಬೆರಳಿಗೆ ಬುದ್ಧಿ ಹೇಳ್ಕೊಟ್ಟೋರು ಅವರೇ!" ಅಂತ ಕೂಗಿದರು ಅಧ್ಯಕ್ಷರು.

"ಹೇಳ್ಕೊಟ್ಟಿದ್ದು ನೀವು!" ಅಂತ ಕೂಗಿದರು ಮಂತ್ರಿಗಳು.

"ನೀವು!"

"ನೀವು!"

ಕೂಗಾಟ ಶುರುವಾಯಿತು. ಕೂಗಿದರು, ಕೂಗಿದರು, ಛಾವಣಿಯ ಪಾರಿವಾಳ ಹಾರಿಹೋಗುವಷ್ಟು ಕೂಗಿದರು. ಇಬ್ಬರ ಗಂಟಲೂ ಒಣಗಿ ಕರಕಲಾಯಿತು. ರಸ್ಮಿಯಾ ಆಗಷ್ಟೇ ಬಿಸಿ ಕಾಫಿ ಬಗ್ಗಿಸಿದ್ದಳು, ಏಲಕ್ಕಿ ಘಮ್ಮೆನ್ನುತ್ತಿತ್ತು. ಅಧ್ಯಕ್ಷರು ಉಸಿರು ತೆಗೆದುಕೊಳ್ಳಲು ನಿಂತರು. ಮಂತ್ರಿಗಳೂ ನಿಂತರು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಅಭ್ಯಾಸ ನೋಡಿ, ಕೈ ತಾನೇ ಕೆಳಗೆ ಹೋಯಿತು, ಲೋಟ ತಾನೇ ಮೇಲೆ ಬಂತು.

ಸುರ್ರ್!

ಇಬ್ಬರೂ ಒಟ್ಟಿಗೆ.

ನಡುಮನೆಯೆಲ್ಲ ಲೋಟಗಳ ಕಡೆ ತಿರುಗಿತು. ಕಳ್ಳನ ಬಾಯೂ ತೆರೆದುಕೊಂಡಿತು.

"ಕುಡಿದುಬಿಟ್ರಲ್ಲ ಸ್ವಾಮೀ!" ಅಂದರು ಹಿರಿಯರಲ್ಲಿ ಹಿರಿಯರು. "ಕೇಳಿದ್ದನ್ನೂ ನುಂಗಿಬಿಟ್ರಿ. ಇನ್ನು ಈ ಊರಲ್ಲಿ ಯಾರ ಬೆರಳನ್ನೂ ನೀವಿಬ್ಬರೂ ಕೇಳೋ ಹಾಗಿಲ್ಲ."

"ಅವರು ಮೊದಲು ಕುಡಿದಿದ್ದು!" ಅಂದರು ಅಧ್ಯಕ್ಷರು.

"ಸುಳ್ಳು! ಅವರು ಮೊದಲು!" ಅಂದರು ಮಂತ್ರಿಗಳು.

ಯಾರು ಮೊದಲು ಕುಡಿದರು ಅನ್ನುವ ಹೊಸ ಜಗಳ ಹಿಡಿದುಕೊಂಡು ಇಬ್ಬರೂ ಎದ್ದರು. ಜಗಳ ಬೀದಿಗೆ ಹೋಯಿತು, ಅಲ್ಲಿಂದ ಬೆಟ್ಟ ಹತ್ತಿತು, ಮತ್ತೆ ಇಳಿಯಿತು. ಕಡತದವರು ಹಿಂದೆಯೇ ಓಡಿದರು. ಇಂದಿಗೂ ಆ ಜಗಳ ತೀರಿಲ್ಲವಂತೆ. ತೀರದಿದ್ದರೆ ಒಳ್ಳೆಯದೇ. ಅದಕ್ಕೆ ಬಂದೂಕು ಬೇಕಾಗಿಲ್ಲ, ಎರಡು ಬಾಯಿ ಸಾಕು.

ಜಾಬಿರ ಬಂದೂಕು ಇಳಿಸಿದ. ನಿಮ್ರನೂ ಇಳಿಸಿದ. ಬಂದೂಕು ಇಳಿದರೂ ಜೋಮು ಹಿಡಿದ ತೋಳುಗಳು ಎಷ್ಟೋ ಹೊತ್ತು ಕೆಳಗೆ ಬರಲೇ ಇಲ್ಲ, ರಸ್ಮಿಯಾ ಎಣ್ಣೆ ತಿಕ್ಕಿ ಇಳಿಸಬೇಕಾಯಿತು. ನಿಮ್ರ ಗೋಡೆಗೆ ಒರಗಿ ಕುಸಿದು ಕೂತು ಮಗುವಿನ ಹಾಗೆ ಅತ್ತ.

"ಯಾಕೆ ಭಾವಾ, ಎಲ್ಲ ಮುಗೀತಲ್ಲ?"

"ಯಾರಾದ್ರೂ ಒಬ್ಬರು ಗೆದ್ದಿದ್ರೆ ನಿನ್ನ ಕೊಲ್ಲಬೇಕಾಗಿತ್ತಲ್ಲೋ ಜಾಬಿರ."

ಜಾಬಿರ ಭಾವನ ಪಕ್ಕ ಕೂತ. "ನನಗೆ ಭಯ ಇದ್ದಿದ್ದೂ ಅದೇ ಭಾವಾ. ನನ್ನ ಬೆರಳು ಮೊದಲು ತೀರ್ಮಾನ ಆಗಿಬಿಟ್ರೆ ಅಕ್ಕನ ಮುಖ ಹೇಗೆ ನೋಡ್ಲಿ ಅಂತ."

ರಸ್ಮಿಯಾ ಎದ್ದಳು. ಎರಡು ಬಂದೂಕನ್ನೂ ಎತ್ತಿಕೊಂಡು ಹೋಗಿ ಅಡುಗೆಮನೆಯ ಸೌದೆಯ ಜೊತೆ ಒರಗಿಸಿಟ್ಟಳು. ಬಂದು ಇಬ್ಬರ ಮುಂದೆಯೂ ಲೋಟ ಇಟ್ಟು ಅಂದಳು: "ಇಬ್ಬರೂ ಮನೆಗೆ ಬಂದ್ರಿ. ನಾನು ಕೇಳ್ಕೊಂಡಿದ್ದ ಕೆಲಸ ಆಯ್ತು. ಕುಡೀರಿ."

ಇಷ್ಟೇ ಕತೆ. ನೀತಿ ಬೇಕು ಅಂತ ಹಟ ಮಾಡುವವರಿಗೆ ಒಂದು ನೀತಿ: ದೊಡ್ಡವರು ಜಗಳಕ್ಕೆ ಬಂದರೆ ಕಾಫಿಗೆ ಏಲಕ್ಕಿ ಸ್ವಲ್ಪ ಜಾಸ್ತಿ ಹಾಕಿ. ಅವರು ಬಿಸಿಯಾಗಿ ಕುಡಿದರು, ನಾವು ತಣ್ಣಗಾದೆವು. ಏಳಿ, ನಿಮ್ಮ ನಿಮ್ಮ ಕಾಲು ನಿಮ್ಮವೇ ಇವೆಯೋ ನೋಡಿಕೊಂಡು ಮನೆಗೆ ಹೋಗಿ.