ಸೂಲಗಿತ್ತಿ ಕಲಿಸಿದ ಪಟ್ಟು

“ಅಜ್ಜಾರ, ಉಚ್ಚಿ ಹಿಡಕೊಳ್ಳಾಕ ಆಗದವ ಮನಸ್ಸು ಹೆಂಗ ಹಿಡೀತಾನ್ರಿ?” ಎಂದು ಅಡಿವೆಪ್ಪ ಮಠದ ಅಜ್ಜನವರನ್ನು ಕೇಳಿದ.

ಅಡಿವೆಪ್ಪ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಅಂದಿನಿಂದ ಎದ್ದರೆ, ಕೆಮ್ಮಿದರೆ ಮೂತ್ರ ಸೋರುತ್ತಿತ್ತು. ಜಪಕ್ಕೆ ಕೂರುವುದನ್ನೂ ಜನರ ನಡುವೆ ಬರುವುದನ್ನೂ ಬಿಟ್ಟಿದ್ದ. ಈ ದಿನ ಯಾರೂ ಇಲ್ಲದ ಹೊತ್ತು ನೋಡಿ ಬಂದದ್ದು, ಅಜ್ಜನವರು ಕೊಟ್ಟ ಜಪಮಾಲೆಯನ್ನು ಅವರಿಗೇ ಒಪ್ಪಿಸಿ ಹೋಗೋಣವೆಂದು.

ಅಜ್ಜನವರು ಕೂಡು ಎಂದರು. ಅಡಿವೆಪ್ಪ ಚಾಪೆ ನೋಡಿ ಹಿಂಜರಿದ. ಅದನ್ನು ಕಂಡು ಅವರೇ ಎದ್ದು ಅವನ ಪಕ್ಕಕ್ಕೆ ಬಂದು ನಿಂತರು. ನಿಂತೇ ಕತೆ ಹೇಳಿದರು.

ಒಬ್ಬ ಪೈಲ್ವಾನ ಇದ್ದ. ಅವನ ಪಟ್ಟಿಗೆ ಸಿಕ್ಕವನು ಬಿಡಿಸಿಕೊಂಡು ಹೋದದ್ದಿಲ್ಲ. ವಯಸ್ಸಾದ ಮೇಲೆ ಗರಡಿಮನೆಯಲ್ಲಿ ಕುಳಿತು ಊರವರಿಗೆ ಕುಸ್ತಿ ಕಲಿಸುತ್ತಿದ್ದ. ಅವನಿಗೂ ನಿನ್ನದೇ ಕಾಯಿಲೆ, ನಿನ್ನದೇ ಆಪರೇಷನ್. ಮೂತ್ರಕ್ಕೆಂದು ಹಾಕಿದ್ದ ನಳಿಕೆ ತೆಗೆದ ದಿನವೇ ಧೋತರ ಒದ್ದೆಯಾಯಿತು. ಆಸ್ಪತ್ರೆಯ ನರ್ಸಮ್ಮ ಒಂದು ವ್ಯಾಯಾಮ ಹೇಳಿಕೊಟ್ಟಳು. ಇಂಥದ್ದನ್ನು ಹೆಣ್ಣುಮಗಳ ಬಾಯಿಂದ ಕೇಳುವುದೇ ಎಂದು ನಾಚಿ, ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತ. ಅವಳ ಒಂದು ಮಾತೂ ತಲೆಗೆ ಹೋಗಲಿಲ್ಲ.

ಮನೆಗೆ ಬಂದವನು ಮೊದಲು ನೀರು ಕುಡಿಯುವುದನ್ನು ಬಿಟ್ಟ. ಉರಿ ಹೆಚ್ಚಿತು, ಸೋರುವುದು ನಿಲ್ಲಲಿಲ್ಲ. ಮೊಣಕಾಲು ನೋವೆಂದು ಗರಡಿಗೆ ಸುಳ್ಳು ಹೇಳಿ ಕಳಿಸಿದ. ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ. ಆದರೂ ಸುಮ್ಮನೆ ಸೋಲುವ ಜೀವ ಅಲ್ಲವಲ್ಲ. ಹಿತ್ತಲ ಕೋಣೆಗೆ ಹೋಗಿ ಉಸಿರು ಕಟ್ಟಿದ, ಹೊಟ್ಟೆ ಬಿಗಿದ, ಕತ್ತಿನ ನರ ಉಬ್ಬುವ ತನಕ ನಿಂತ. ಬಿಗಿದಷ್ಟೂ ಸೋರಿತು.

ಅವನ ಹೆಂಡತಿ ಕಸಬರಿಗೆಗೆಂದು ಬಂದವಳು ಇದನ್ನು ನೋಡಿದಳು. ಸೆರಗು ಬಾಯಿಗಿಟ್ಟು ನಕ್ಕಳು.

“ಅಲ್ರೀ, ಯಾರ ಕೂಡ ಕುಸ್ತಿ ಹಿಡದೀರಿ? ಉಸಿರು ಬಿಡ್ರಿ ಮೊದಲ. ಹೊಟ್ಟಿ ಸಡಲ ಬಿಡ್ರಿ. ಉಚ್ಚಿ ನಡುವ ನಿಲ್ಲಸಬೇಕಾದ್ರ ಒಳಗ ಏನು ಮ್ಯಾಲ ಎಳಕೋತೀರಲ್ಲ, ಅಷ್ಟ ಎಳಕೋರಿ. ಐದು ಎಣಸ್ರಿ. ಆಮ್ಯಾಲ ಪೂರಾ ಬಿಡ್ರಿ. ಹಿಡಿಯೂದು ಎಷ್ಟೋ ಬಿಡೂದೂ ಅಷ್ಟ ಕಲೀಬೇಕು.”

ಪೈಲ್ವಾನ ದಂಗಾದ. “ಈ ಪಟ್ಟು ನಿನಗ ಯಾರು ಕಲಿಸಿದ್ರು?”

“ಸೂಲಗಿತ್ತಿ. ಮೂರನೇ ಕೂಸು ಹಡದ ಮ್ಯಾಲ ಎರಡು ವರ್ಷ ನನಗೂ ಹಿಂಗ ಇತ್ತು. ಸೀನಿದ್ರ ಸೀರಿ ಹಸಿ, ನಕ್ಕರ ಸೀರಿ ಹಸಿ. ನೀವು ಬೆಳ್ಳಿ ಗದಾ ಗೆದ್ದು ಬಂದ ದಿನ ಊರ ಮಂದಿ ಮುಂದ ಆರತಿ ಹಿಡಕೊಂಡು ನಿಂತಿದ್ನಲ್ಲ, ಒಳಗ ಮೂರು ಮಡಿಕಿ ಅರಿವಿ ಕಟ್ಟಿಕೊಂಡಿದ್ದೆ. ನಕ್ಕರ ಎಲ್ಲಿ ಮಾನ ಹೋದೀತು ಅಂತ ತುಟಿ ಕಚ್ಚಿ ನಿಂತಿದ್ದೆ.”

ಆ ದಿನ ಪೈಲ್ವಾನನಿಗೆ ಚೆನ್ನಾಗಿ ನೆನಪಿತ್ತು. ಗಂಡ ಗೆದ್ದು ಬಂದರೂ ಮುಖ ಗಂಟು ಹಾಕಿಕೊಂಡು ನಿಂತಳಲ್ಲ ಎಂದು ಅವನು ಎಷ್ಟೋ ದಿನ ಮಾತು ಬಿಟ್ಟಿದ್ದ. ಆಮೇಲೂ ಜಗಳ ಬಂದಾಗಲೆಲ್ಲ ಅದನ್ನು ಎತ್ತಿ ಆಡುತ್ತಿದ್ದ. ಅವಳು ಒಮ್ಮೆಯೂ ತಿರುಗಿ ಹೇಳಿರಲಿಲ್ಲ. ಪೈಲ್ವಾನ ಅಲ್ಲೇ ಕುಸಿದು ಕುಳಿತು ಅತ್ತ. ಅವಳು, “ಅಳ್ರಿ, ಅಡ್ಡಿಯಿಲ್ಲ. ಉಸಿರು ಮಾತ್ರ ಕಟ್ಟಬ್ಯಾಡ್ರಿ” ಎಂದಳು.

ಮರುದಿನದಿಂದ ಅವಳು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವಾಗ ಅವನು ಪಕ್ಕದಲ್ಲಿ ಕೂರುತ್ತಿದ್ದ. ಐದು ಬಡಿತಕ್ಕೆ ಹಿಡಿಯುವುದು, ಐದು ಬಡಿತಕ್ಕೆ ಬಿಡುವುದು. ಮತ್ತೆ ಹೊಟ್ಟೆ ತುಂಬ ನೀರು ಕುಡಿಯತೊಡಗಿದ. ಮೊದಲ ತಿಂಗಳು ಏನೂ ಆಗಲಿಲ್ಲ. ಅವನು ಬೈದ, ಅವಳು ರೊಟ್ಟಿ ಬಡಿದಳು. ಎರಡನೆಯ ತಿಂಗಳಿಗೆ ಹಾಸಿಗೆ ಒಣಗಿತು. ಮೂರನೆಯ ತಿಂಗಳಿಗೆ ದಿನಕ್ಕೆ ಒಂದೇ ಅರಿವೆ ಸಾಕಾಯಿತು. ಸೀನಿದರೆ ಇನ್ನೂ ಒಂದೆರಡು ಹನಿ ಇತ್ತು. ಪೂರ್ತಿ ನೆಟ್ಟಗಾಗಲಿ ಎಂದು ಅವನು ಕಾಯಲಿಲ್ಲ. ಒಳಗೆ ಅರಿವೆ ಕಟ್ಟಿಕೊಂಡೇ ಗರಡಿಗೆ ಹೋಗಿ ತನ್ನ ಜಾಗದಲ್ಲಿ ಕುಳಿತ.

ಅಜ್ಜನವರು ಕತೆ ನಿಲ್ಲಿಸಿದರು. ಅಡಿವೆಪ್ಪನ ಮುಖ ತುಸು ಹಗುರಾಗಿತ್ತು. ಒಪ್ಪಿಸಲೆಂದು ಮಾಲೆ ಹಿಡಿದಿದ್ದ ಕೈ ತಾನಾಗಿ ಕೆಳಗಿಳಿದಿತ್ತು.

“ಆ ಪೈಲ್ವಾನ ಪುಣ್ಯಾ ಮಾಡಿದ್ದ ಬಿಡ್ರಿ, ಅಜ್ಜಾರ” ಎಂದು ಅವನು ನಿಟ್ಟುಸಿರುಬಿಟ್ಟ. “ಅಂಥಾ ಹೇಣ್ತಿ ಎಲ್ಲಾರಿಗೂ ಎಲ್ಲಿ ಸಿಗ್ತಾಳ್ರಿ?”

ಅಜ್ಜನವರು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: “ನಿಮ್ಮಾಕಿ ಎಷ್ಟು ಹಡದಾಳೋ, ತಮ್ಮಾ?”

ಅಡಿವೆಪ್ಪ ಮಾಲೆಯನ್ನು ಮತ್ತೆ ಕಿಸೆಗೆ ಹಾಕಿಕೊಂಡು ಮನೆಯ ದಾರಿ ಹಿಡಿದ.